ಅರ್ಧ ಮಿಲಿಗ್ರಾಮಿನ ಲೆಕ್ಕ: ಸಮುದ್ರದ ನೀರಲ್ಲಿ ಕರಗಿದ ಸಾವಯವ ಇಂಗಾಲ

ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ಅರಬ್ಬಿ ಸಮುದ್ರದ ಎರಡು-ಮೂರು ಕಿಲೋಮೀಟರ್ ಆಳದ ನೀರು ತುಂಬಿಸಿದರೆ ಅದರಲ್ಲಿ ಉಪ್ಪು 35 ಕಿಲೊ ಇರುತ್ತದೆ. ಕರಗಿದ ಸಾವಯವ ಇಂಗಾಲ, ಅಂದರೆ ಡಿಒಸಿ, ಅರ್ಧ ಗ್ರಾಂ. ಲೀಟರಿಗೆ ಅರ್ಧ ಮಿಲಿಗ್ರಾಂ. ಸಮುದ್ರ ರಸಾಯನದವರ ಲೆಕ್ಕದಲ್ಲಿ 40 ಮೈಕ್ರೊಮೋಲಾರ್ (ಲೀಟರಿಗೆ ಇಷ್ಟು ಮೈಕ್ರೊಮೋಲ್ ಇಂಗಾಲ) ಆಚೀಚೆ. ಇಷ್ಟೇ ಇಷ್ಟು ಅನ್ನಿಸುವ ಈ ಇಂಗಾಲವನ್ನು ಜಗತ್ತಿನ ಅಷ್ಟೂ ಸಮುದ್ರಗಳಿಗೆ ಕೂಡಿಸಿದರೆ ಸುಮಾರು 66 ಸಾವಿರ ಕೋಟಿ ಟನ್ ಆಗುತ್ತದೆ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡಿನ ಇಂಗಾಲದ ಹತ್ತಿರಹತ್ತಿರ ಮುಕ್ಕಾಲು ಪಾಲು. ಸಮುದ್ರದ ಸಕಲ ಜೀವಿಗಳ ಮೈಯಲ್ಲಿರುವ ಇಂಗಾಲದ ನೂರಾರು ಪಟ್ಟು.

ಧಾರವಾಡ, ಕಾರವಾರ, ಬೆಳಗಾವಿ ಕಡೆಯಿಂದ ಎಂಎಸ್ಸಿ ಪ್ರಾಜೆಕ್ಟಿಗೆಂದು ಇಲ್ಲಿ ಗೋವಾದ ದೋನಾ ಪಾವ್ಲಾಕ್ಕೋ ತಾಳಗಾಂವಿಗೋ ಬರುವ ಹುಡುಗ-ಹುಡುಗಿಯರು ಬಂದ ವಾರದಲ್ಲೇ ಕೇಳುವುದು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೊಮೀಟರ್ ಬಗ್ಗೆ. ಸಾವಿರಾರು ಅಣುಗಳ ಸೂತ್ರ ಒಂದೇ ಚಿತ್ರದಲ್ಲಿ ಕಾಣುತ್ತದಲ್ಲ, ಆಸೆ ಸಹಜ. ಆದರೆ 40 ಮೈಕ್ರೊಮೋಲಾರ್ ನೀರನ್ನು 42 ಎಂದೋ 38 ಎಂದೋ ನಂಬಿಕೆಯಿಂದ ಹೇಳಲಾಗದ ಲ್ಯಾಬಿನಲ್ಲಿ ತೆಗೆದ ಆ ಚಿತ್ರಕ್ಕೆ ಬೆಲೆಯಿಲ್ಲ. ಅದರಲ್ಲಿ ಸಮುದ್ರದ್ದೆಷ್ಟು, ನಿಮ್ಮ ಗ್ಲೌಸಿನದ್ದೆಷ್ಟು ಎಂದು ಬಿಡಿಸುವವರು ಯಾರು? ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನ ಪಾಲು ಬಾಟಲಿ ತೊಳೆಯುವುದರ ಬಗ್ಗೆ.

ಆ ಅರ್ಧ ಮಿಲಿಗ್ರಾಂ ಯಾವುದೋ ಒಂದು ವಸ್ತುವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಸಸ್ಯಪ್ಲವಕಗಳು ಸೋರಿಬಿಟ್ಟದ್ದು, ವೈರಸ್ ಒಡೆದ ಕೋಶದಿಂದ ಚೆಲ್ಲಿದ್ದು, ಬ್ಯಾಕ್ಟೀರಿಯಾ ತಿಂದು ಉಳಿಸಿದ್ದು, ನದಿ ಹೊತ್ತು ತಂದ ಎಲೆ-ತೊಗಟೆ-ಮಣ್ಣಿನ ಸಾರ ಎಲ್ಲ ಸೇರಿದ್ದು. ಸಕ್ಕರೆ, ಅಮೈನೊ ಆಮ್ಲಗಳು ಬಿಡಿಬಿಡಿಯಾಗಿ ಸಿಕ್ಕರೆ ಸೂಕ್ಷ್ಮಜೀವಿಗಳು ಗಂಟೆಗಳಲ್ಲೇ ಮುಗಿಸುತ್ತವೆ, ಅದಕ್ಕೇ ಅವು ನೀರಿನಲ್ಲಿ ನ್ಯಾನೊಮೋಲಾರ್ ಮಟ್ಟ ದಾಟುವುದಿಲ್ಲ. ಅರಬ್ಬಿ ಸಮುದ್ರದ ಮೇಲ್ಪದರದಲ್ಲಿ ಡಿಒಸಿ 70ರಿಂದ 90 ಮೈಕ್ರೊಮೋಲಾರ್ ಇದ್ದರೆ ಆಳದಲ್ಲಿ 40 ಇರುತ್ತದೆ. ನಡುವಿನ ವ್ಯತ್ಯಾಸದ ಬಹುಪಾಲು ಕೆಲವು ತಿಂಗಳಿಂದ ಕೆಲವು ವರ್ಷದೊಳಗೆ ಮುಗಿದುಹೋಗುವಂಥದ್ದು. ಉಳಿಯುವ 40 ಮಾತ್ರ ಹಟಮಾರಿ. ವಿಲಿಯಮ್ಸ್ ಮತ್ತು ಡ್ರಫೆಲ್ 1987ರಲ್ಲಿ ಉತ್ತರ ಪೆಸಿಫಿಕ್‌ನ ಆಳದ ಡಿಒಸಿಯ ರೇಡಿಯೊಕಾರ್ಬನ್ ವಯಸ್ಸು ಸುಮಾರು 6,000 ವರ್ಷ ಎಂದು ತೋರಿಸಿದರು. ಅಟ್ಲಾಂಟಿಕ್‌ನ ಸರ್ಗಾಸೊ ಸಮುದ್ರದಲ್ಲಿ ಅದು 4,000ದ ಹತ್ತಿರ. ಸಾಗರದ ನೀರು ಒಂದು ಸುತ್ತು ಹಾಕಲು ಸಾವಿರ ವರ್ಷದ ಆಸುಪಾಸು ಬೇಕು. ಅಂದರೆ ಈ ಇಂಗಾಲ ಹಲವು ಸುತ್ತು ಹಾಕಿಯೂ ಉಳಿದಿದೆ. ಆದರೆ 6,000 ಎಂಬುದು ಸರಾಸರಿ. ಅದರೊಳಗೆ ನಿನ್ನೆ ಹುಟ್ಟಿದ ಅಣುವೂ ಇದೆ, ಅದಕ್ಕಿಂತ ಎಷ್ಟೋ ಹಳೆಯದೂ ಇದೆ. ಪ್ರತಿ ಅಣುವಿಗೂ ಆರು ಸಾವಿರ ವರ್ಷ ಎಂದು ವರದಿಯಲ್ಲಿ ಬರೆದವರನ್ನು ವೈವಾದಲ್ಲಿ ಯಾರೂ ಬಿಡುವುದಿಲ್ಲ.

ಕರಗಿದ್ದು ಅಂದರೆ ಯಾವುದು?

ಫಿಲ್ಟರ್ ದಾಟಿದ್ದು, ಅಷ್ಟೇ. ವಾಡಿಕೆಯಲ್ಲಿರುವ ಜಿಎಫ್/ಎಫ್ ಗಾಜಿನ ನಾರಿನ ಫಿಲ್ಟರಿನ ರಂಧ್ರ ಹೆಸರಿಗೆ 0.7 ಮೈಕ್ರೊಮೀಟರ್. ಸಣ್ಣ ಬ್ಯಾಕ್ಟೀರಿಯಾ, ವೈರಸ್, ಕೊಲಾಯ್ಡ್ (ನೀರಲ್ಲಿ ತೇಲುವ ಅತಿಸಣ್ಣ ಕಣ) ಎಲ್ಲ ಅದನ್ನು ದಾಟುತ್ತವೆ. ಅವೂ ‘ಕರಗಿದ’ ಲೆಕ್ಕಕ್ಕೇ ಸೇರುತ್ತವೆ. 0.2 ಮೈಕ್ರೊಮೀಟರಿನ ಪೊರೆ ಬಳಸಿದರೆ ಬ್ಯಾಕ್ಟೀರಿಯಾ ನಿಲ್ಲುತ್ತವೆ, ಆದರೆ ಪ್ಲಾಸ್ಟಿಕ್ ಪೊರೆ ತನ್ನದೇ ಇಂಗಾಲವನ್ನು ನೀರಿಗೆ ಬಿಡುತ್ತದೆ, ಅದನ್ನು ಸುಟ್ಟು ಶುದ್ಧ ಮಾಡುವಂತೆಯೂ ಇಲ್ಲ. ಜಿಎಫ್/ಎಫ್ ಇನ್ನೂ ಚಾಲ್ತಿಯಲ್ಲಿರುವುದು ಅದನ್ನು 450 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಡಬಹುದು ಎಂಬ ಕಾರಣಕ್ಕೆ. ತೆರೆದ ಸಮುದ್ರದ ಆಳದ ನೀರಿಗೆ ಫಿಲ್ಟರೇ ಬೇಡ ಎಂಬುದು ನಮ್ಮ ಪಕ್ಷ. ಅಲ್ಲಿ ಕಣಗಳ ಇಂಗಾಲ ತೀರಾ ಕಡಿಮೆ. ಫಿಲ್ಟರ್ ತೆಗೆಯುವ ಕೊಳೆಗಿಂತ ಸೇರಿಸುವ ಕೊಳೆ ಜಾಸ್ತಿಯಾಗುವ ಸಂಭವವೇ ಹೆಚ್ಚು. ಗೋವಾದ ಮಾಂಡವಿ ಹೊಳೆಯ ಜುಲೈ ತಿಂಗಳ ಕೆಂಪು ನೀರಿಗೆ ಮಾತ್ರ ಫಿಲ್ಟರ್ ಬೇಕೇ ಬೇಕು.

ಮಾದರಿಗೆ 40 ಮಿ.ಲೀ. ಗಾಜಿನ ವಯಲ್ ಸಾಕು, ಕಂದು ಬಣ್ಣದ್ದಾದರೆ ಒಳ್ಳೆಯದು. 10 ಪ್ರತಿಶತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಮಿಲಿ-ಕ್ಯೂ ಎಂಬ ಅತಿಶುದ್ಧ ನೀರಿನಲ್ಲಿ ಮೂರು ಸಲ ಜಾಲಿಸಿ, ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಮಫಲ್ ಫರ್ನೇಸಿನಲ್ಲಿ 450 ಡಿಗ್ರಿಗೆ ನಾಲ್ಕರಿಂದ ಆರು ಗಂಟೆ. ಆ ಫಾಯಿಲ್‌ನ ಮೇಲೂ ಕಾರ್ಖಾನೆಯ ಎಣ್ಣೆ ಇರುತ್ತದೆ. ಸುಟ್ಟ ಮೇಲೆ ಹೋಗುತ್ತದೆ, ಆದ್ದರಿಂದ ಸುಡದ ಫಾಯಿಲನ್ನು ಸುಟ್ಟ ವಯಲಿಗೆ ಸುತ್ತಬೇಡಿ. ಟೆಫ್ಲಾನ್ ಲೇಪದ ಸೆಪ್ಟಾ (ಮುಚ್ಚಳದೊಳಗಿನ ಬಿಲ್ಲೆ) ಮತ್ತು ಮುಚ್ಚಳಗಳನ್ನು ಸುಡಲಾಗದು, ಅವಕ್ಕೆ ಆಮ್ಲ ಮತ್ತು ಮಿಲಿ-ಕ್ಯೂ ಸ್ನಾನವೇ ಗತಿ. ಟೆಫ್ಲಾನ್ ಬದಿ ನೀರಿನ ಕಡೆಗೆ ಬರಬೇಕು. ಇದನ್ನು ತಿರುವುಮುರುವು ಹಾಕಿದ ವಯಲುಗಳು ಪ್ರತಿ ಬ್ಯಾಚಿನಲ್ಲೂ ಒಂದೆರಡು ಸಿಗುತ್ತವೆ, ಅವುಗಳ ಫಲಿತಾಂಶ ನೋಡಿದರೇ ಗೊತ್ತಾಗುತ್ತದೆ. ಸುಟ್ಟ ಗಾಜು ಲ್ಯಾಬಿನ ಗಾಳಿಯಲ್ಲಿರುವ ಸಾವಯವ ಆವಿಯನ್ನು ಮತ್ತೆ ಹೀರುತ್ತದೆ. ಗೋವಾದ ಜೂನ್ ತಿಂಗಳ ಒದ್ದೆ ಗಾಳಿಯಲ್ಲಿ, ಪಕ್ಕದ ಬೆಂಚಿನಲ್ಲಿ ಯಾರೋ ಅಸಿಟೋನ್ ಸುರಿಯುತ್ತಿರುವಾಗ, ತಿಂಗಳುಗಟ್ಟಲೆ ಇಟ್ಟ ವಯಲನ್ನು ಶುದ್ಧ ಎನ್ನಲಾಗದು. ಎರಡು ವಾರದೊಳಗೆ ಬಳಸಿ, ಇಲ್ಲವಾದರೆ ಮತ್ತೆ ಸುಡಿ.

ಎಷ್ಟು ಕೊಳೆ ಸೇರಿದರೆ ಕೆಲಸ ಕೆಡುತ್ತದೆ? ಲೆಕ್ಕ ಹಾಕಿ. ವಯಲಿನಲ್ಲಿ 40 ಮೈಕ್ರೊಮೋಲಾರ್ ನೀರು 30 ಮಿ.ಲೀ. ಇದ್ದರೆ ಒಟ್ಟು ಇಂಗಾಲ 1.2 ಮೈಕ್ರೊಮೋಲ್, ತೂಕದಲ್ಲಿ 14 ಮೈಕ್ರೊಗ್ರಾಂ ಚಿಲ್ಲರೆ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ 70 ಪ್ರತಿಶತ ಎಥನಾಲ್ ಇದೆ ಎಂದುಕೊಂಡರೆ ಅದರ ಒಂದೇ ಒಂದು ಮೈಕ್ರೊಲೀಟರಿನಲ್ಲಿ 24 ಮೈಕ್ರೊಮೋಲ್ ಇಂಗಾಲ. ಕಣ್ಣಿಗೆ ಕಾಣದ ಒಂದು ಹನಿ, ಸಮುದ್ರ ಕೊಟ್ಟದ್ದರ ಇಪ್ಪತ್ತು ಪಟ್ಟು. ಡಿಒಸಿ ಕೆಲಸ ನಡೆಯುವ ಕೋಣೆಯಲ್ಲಿ ಮೆಥನಾಲ್, ಎಥನಾಲ್, ಫಾರ್ಮಲಿನ್ ಬಾಟಲಿ ತೆರೆಯಬಾರದು ಎಂದು ಹಿರಿಯರು ಗದರುವುದು ಇದಕ್ಕೇ.

ದೋಣಿಯಲ್ಲಿ

ಕರ್ನಾಟಕದ ಪತ್ರಿಕೆಗಳಲ್ಲಿ ಮಹದಾಯಿ ಅಂದರೆ ಕಳಸಾ-ಬಂಡೂರಿ ಜಗಳ. ಇಲ್ಲಿ ಮಾಂಡವಿ ಎನಿಸಿಕೊಳ್ಳುವ ಅದೇ ಹೊಳೆ ರಸಾಯನದವರಿಗೆ ಭೀಮಗಡದ ಕಾಡಿನ ಎಲೆಕೊಳೆತವನ್ನು ಪಣಜಿಯ ತನಕ ತರುವ ಕಾಲುವೆ. ಮಳೆಗಾಲದ ಮೊದಲ ಜೋರು ಮಳೆಗೆ ಬೇಸಿಗೆಯಿಡೀ ನೆಲದಲ್ಲಿ ಕೂಡಿಟ್ಟದ್ದೆಲ್ಲ ಒಮ್ಮೆಲೇ ತೊಳೆದು ಬರುತ್ತದೆ. ಆ ವಾರವನ್ನು ತಪ್ಪಿಸಿಕೊಂಡರೆ ವರ್ಷದ ದೊಡ್ಡ ಭಾಗವನ್ನೇ ತಪ್ಪಿಸಿಕೊಂಡಂತೆ.

ಜಾಗಗಳನ್ನು ನಕ್ಷೆಯ ಮೇಲೆ ಸಮ ಅಂತರದಲ್ಲಿ ಗುರುತಿಸಿಕೊಂಡು ಹೋಗುವುದು ಸಾಮಾನ್ಯ ತಪ್ಪು. ಅಳಿವೆಯಲ್ಲಿ ನಿಮ್ಮ ನಕ್ಷೆ ಲವಣಾಂಶ. ಮೇ ತಿಂಗಳಲ್ಲಿ ಉಪ್ಪು ಗಾಂಜೆಯ ದಿಕ್ಕಿಗೆ ಬಹುದೂರ ಏರಿರುತ್ತದೆ. ಜುಲೈಯಲ್ಲಿ ಪಣಜಿಯ ಎದುರಿಗೇ ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು ಎರಡು ಪದರವಾಗಿ ಹರಿಯುತ್ತವೆ. ಲವಣಾಂಶದ ಮೀಟರ್ ಇಳಿಬಿಟ್ಟು 0, 2, 5, 10, 15, 20, 25, 30 ಹೀಗೆ ಸಿಕ್ಕಲ್ಲಿ ನೀರು ತೆಗೆಯಿರಿ. 0ಯಿಂದ 5ರ ನಡುವೆ ಇನ್ನೂ ಒಂದೆರಡು ಹೆಚ್ಚಿಗೆ ತೆಗೆಯಿರಿ, ಕಾರಣ ಮುಂದೆ ಬರುತ್ತದೆ. ಮಳೆಗಾಲದಲ್ಲಿ ಮೇಲಿನದೂ ತಳದ್ದೂ ಎರಡೂ ಬೇಕು.

ಔಟ್‌ಬೋರ್ಡ್ ಇಂಜಿನ್ನಿನ ಹೊಗೆ ಮತ್ತು ನೀರಿನ ಮೇಲೆ ಅದು ಬಿಡುವ ಎಣ್ಣೆಯ ಪೊರೆ ನಿಮ್ಮ ಶತ್ರುಗಳು. ವಾಸ್ಕೊ, ಬೈನಾ ಕಡೆ ದೋಣಿ ಕೆಲಸಕ್ಕೆ ಸಿಗುವವರಲ್ಲಿ ನಮ್ಮ ಕಡೆಯವರು ಇದ್ದೇ ಇರುತ್ತಾರೆ, “ಅಣ್ಣಾ, ಇಂಜಿನ್ ಬಂದ್ ಮಾಡ್ರಿ, ಬೀಡಿ ಆಮ್ಯಾಲ ಸೇದೋಣಂತ” ಎಂದರೆ ಕೆಲಸ ಆಗುತ್ತದೆ. ಇಂಜಿನ್ ನಿಲ್ಲಿಸಿ, ದೋಣಿ ನೀರಿನ ಸೆಳೆತಕ್ಕೆ ಸ್ವಲ್ಪ ತೇಲಿ ಹೋಗಲಿ, ಆಮೇಲೆ ಗಾಳಿ ಬರುವ ದಿಕ್ಕಿನ ಬದಿಯಿಂದ, ಮೂತಿಯ ಕಡೆಯಿಂದ ನಿಸ್ಕಿನ್ ಬಾಟಲಿ (ಬೇಕಾದ ಆಳದಲ್ಲಿ ಮುಚ್ಚಿಕೊಂಡು ನೀರು ಹಿಡಿಯುವ ಬಾಟಲಿ) ಇಳಿಸಿ. ಮೇಲ್ಮೈಯ ನೀರು ಅಂದರೆ ಪೊರೆಯ ನೀರಲ್ಲ. ಅರ್ಧ ಮೀಟರ್ ಕೆಳಗಿನದು. ರಿಬಂದರ್ ಫೆರಿ ದಾಟಿದ ತಕ್ಷಣ ಆ ಜಾಡಿನಲ್ಲಿ ನೀರು ತೆಗೆಯುವುದೂ ಬೇಡ. ಪೌಡರ್ ಇಲ್ಲದ ನೈಟ್ರೈಲ್ ಗ್ಲೌಸ್ ಹಾಕಿ, ವಯಲನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಿಸಿ ತುಂಬಿ. ಸನ್‌ಸ್ಕ್ರೀನ್ ಹಚ್ಚಿದ ಕೈಯ ಬಗ್ಗೆ ಬೇರೆ ಹೇಳಬೇಕಿಲ್ಲ.

ಫಿಲ್ಟರ್ ಮಾಡುವಾಗ ಎರಡು ಕಡೆ ಕೆಡುತ್ತದೆ. ಫಿಲ್ಟರ್ ಹಾಕಿದ ಮೇಲೆ ಮೊದಲ 100 ಮಿ.ಲೀ. ಚೆಲ್ಲಬೇಕು, ಚೆಲ್ಲದವರ ಮಾದರಿಯಲ್ಲಿ ಹೋಲ್ಡರಿನ ಕೊಳೆ ಇರುತ್ತದೆ. ಮಳೆಗಾಲದ ಕೆಸರಿಗೆ ಫಿಲ್ಟರ್ ಕಟ್ಟಿಕೊಂಡಾಗ ಪಂಪಿನ ಎಳೆತ ಜಾಸ್ತಿ ಮಾಡುವುದು ಎರಡನೆಯದು. 150 ಮಿ.ಮೀ. ಪಾದರಸಕ್ಕಿಂತ ಹೆಚ್ಚು ಎಳೆದರೆ ಫಿಲ್ಟರಿನ ಮೇಲಿನ ಕೋಶಗಳು ಒಡೆದು ಒಳಗಿನದು ನೀರಿಗೆ ಇಳಿಯುತ್ತದೆ, ಕಣದ ಇಂಗಾಲ ಕರಗಿದ ಇಂಗಾಲವಾಗಿಬಿಡುತ್ತದೆ. ಕಟ್ಟಿಕೊಂಡರೆ ಫಿಲ್ಟರ್ ಬದಲಿಸಿ.

ಆಮೇಲೆ ಆಮ್ಲ. ಪಿಎಚ್ 2ಕ್ಕೆ ಇಳಿಸಿದರೆ ಬ್ಯಾಕ್ಟೀರಿಯಾ ನಿಲ್ಲುತ್ತವೆ, ಅಜೈವಿಕ ಇಂಗಾಲವೂ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಹೋಗಲು ಸಿದ್ಧವಾಗುತ್ತದೆ. ಎಷ್ಟು ಹಾಕಬೇಕು ಎಂಬುದಕ್ಕೆ ಅಂದಾಜು ಬೇಡ. ಪಿಎಚ್ 2ಕ್ಕೆ ಲೀಟರಿಗೆ 10 ಮಿಲಿಮೋಲ್ ಆಮ್ಲ, ಸಮುದ್ರದ ನೀರಿನ ಕ್ಷಾರತೆ ತಣಿಸಲು 2.3, ಸಲ್ಫೇಟ್ ನುಂಗುವುದು ಸುಮಾರು 2.5; ಒಟ್ಟು 15ರ ಹತ್ತಿರ. 30 ಮಿ.ಲೀ.ಗೆ 12 ಮೋಲಾರ್ ಆಮ್ಲ 37 ಮೈಕ್ರೊಲೀಟರ್ ಬೇಕು, 40 ಹಾಕಿ. ಆಮ್ಲದಿಂದ ಹಿಗ್ಗುವ ಗಾತ್ರ ಸಾವಿರಕ್ಕೆ ಒಂದರಷ್ಟು, ಅಲಕ್ಷಿಸಬಹುದು. ಪಿಎಚ್ ಕಾಗದವನ್ನು ವಯಲಿನೊಳಗೆ ಅದ್ದಬೇಡಿ, ಅದೂ ಕಾಗದವೇ ತಾನೆ. ಹೆಚ್ಚುವರಿ ಮಾದರಿಯ ಒಂದು ಹನಿಯನ್ನು ಕಾಗದದ ಮೇಲೆ ಹಾಕಿ ನೋಡಿ.

ತೆರೆದ ಸಮುದ್ರದ ನೀರನ್ನು ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಇಡಬಹುದು. ವಯಲನ್ನು ಮುಕ್ಕಾಲು ಮಾತ್ರ ತುಂಬಿ, ನೆಟ್ಟಗೆ ನಿಲ್ಲಿಸಿ ಇಡಿ. ನೀರು ಗಡ್ಡೆಕಟ್ಟುವಾಗ ಉಪ್ಪಿನ ಸಾಂದ್ರ ದ್ರವ ಕೊನೆಗೆ ಉಳಿದು, ವಯಲ್ ಮಲಗಿದ್ದರೆ ಮುಚ್ಚಳದ ಸಂದಿಯಿಂದ ಹೊರಬರುತ್ತದೆ, ತನ್ನೊಡನೆ ಸಾವಯವವನ್ನೂ ತರುತ್ತದೆ. ಅಳಿವೆಯ ಕಂದು ನೀರನ್ನು ಮಾತ್ರ ಹೆಪ್ಪುಗಟ್ಟಿಸಬೇಡಿ. ಹೆಪ್ಪು ಕರಗಿದಾಗ ಹ್ಯೂಮಿಕ್ ಪದಾರ್ಥ (ಕೊಳೆತ ಎಲೆ-ಮಣ್ಣಿನ ಕಂದು ಸಾವಯವ) ಚೂರುಚೂರಾಗಿ ಕೆಳಗೆ ಕೂತುಬಿಡುತ್ತದೆ, ಅಲುಗಾಡಿಸಿದರೂ ಪೂರ್ತಿ ಮರಳುವುದಿಲ್ಲ. ಆಮ್ಲ ಹಾಕಿ 4 ಡಿಗ್ರಿಯಲ್ಲಿ ಕತ್ತಲೆಯಲ್ಲಿ ಇಡುವುದೇ ಸರಿ. ಪ್ರತಿ ಪ್ರವಾಸಕ್ಕೂ ಮಿಲಿ-ಕ್ಯೂ ನೀರನ್ನು ದೋಣಿಗೆ ಒಯ್ದು, ಅಲ್ಲೇ ಅದೇ ಫಿಲ್ಟರ್, ಅದೇ ಆಮ್ಲ, ಅದೇ ವಯಲಿಗೆ ಹಾಕಿ ತನ್ನಿ. ಆ ಬ್ಲ್ಯಾಂಕ್, ಅಂದರೆ ಮಾದರಿ ಇಲ್ಲದೆಯೂ ಬರುವ ಅಂಕಿ, 4-5 ಮೈಕ್ರೊಮೋಲಾರ್ ದಾಟಿದರೆ ಆ ದಿನದ ಮಾದರಿಗಳನ್ನು ನಾವು ಬಳಸುವುದಿಲ್ಲ.

ಯಂತ್ರದ ಮುಂದೆ

ತತ್ತ್ವ ಸರಳ: ನೀರಿನ ಹನಿಯನ್ನು ಪ್ಲಾಟಿನಂ ಲೇಪಿಸಿದ ಅಲ್ಯೂಮಿನಾ ಗುಂಡುಗಳ ಮೇಲೆ ಸುಟ್ಟು, ಬಂದ ಕಾರ್ಬನ್ ಡೈಆಕ್ಸೈಡನ್ನು ಇನ್‌ಫ್ರಾರೆಡ್ ಡಿಟೆಕ್ಟರಿನಲ್ಲಿ ಅಳೆಯುವುದು. ಶಿಮಾಡ್ಜು ಟಿಒಸಿ-ಎಲ್ ಯಂತ್ರದ ಕುಲುಮೆ 680 ಡಿಗ್ರಿ. ಇನ್ನೂ ಬಿಸಿ ಮಾಡಿದರೆ ಇನ್ನೂ ಚೆನ್ನಾಗಿ ಸುಡುವುದಿಲ್ಲವೇ ಎಂದು ಕೇಳುವವರಿಗೆ ಉತ್ತರ: ಅಡುಗೆ ಉಪ್ಪು 801 ಡಿಗ್ರಿಯಲ್ಲಿ ಕರಗುತ್ತದೆ. ಕರಗಿದ ಉಪ್ಪು ಕ್ಯಾಟಲಿಸ್ಟ್ (ಸುಡಲು ನೆರವಾಗುವ ಆ ಪ್ಲಾಟಿನಂ ಗುಂಡುಗಳು) ಮೇಲೆ ಹರಿದರೆ ಅಲ್ಲಿಗೆ ಅದರ ಕತೆ ಮುಗಿಯಿತು.

ಸುಡುವ ಮುಂಚೆ ಅಜೈವಿಕ ಇಂಗಾಲವನ್ನು ಊದಿ ಓಡಿಸಬೇಕು. ಸಮುದ್ರದ ನೀರಲ್ಲಿ ಅದು 2,000 ಮೈಕ್ರೊಮೋಲಾರಿಗೂ ಹೆಚ್ಚು. ಅದರಲ್ಲಿ ಒಂದೇ ಪ್ರತಿಶತ ಉಳಿದರೂ 20 ಮೈಕ್ರೊಮೋಲಾರ್. ಆಳದ ನೀರಿನ ಡಿಒಸಿ ಒಮ್ಮೆಗೇ ಒಂದೂವರೆ ಪಟ್ಟು ಆಗುತ್ತದೆ. ಇಂಗಾಲಮುಕ್ತ ಆಮ್ಲಜನಕವನ್ನೋ ಕೃತಕ ಗಾಳಿಯನ್ನೋ 8-10 ನಿಮಿಷ ಹಾಯಿಸಿ. ಆಗ ಆವಿಯಾಗುವ ಸಾವಯವವೂ ಹೋಗುತ್ತದೆ, ಅದನ್ನು ಒಪ್ಪಿಕೊಂಡೇ ನಾವು ಅಳೆಯುತ್ತಿರುವುದು. ಸಾಕಾಯಿತೇ ಎಂಬ ಪರೀಕ್ಷೆ ಸುಲಭ: ಅದೇ ಮಾದರಿಯನ್ನು 5, 10, 15 ನಿಮಿಷ ಊದಿ ಅಳೆಯಿರಿ. ಅಂಕಿ ಎಲ್ಲಿ ಸ್ಥಿರವಾಯಿತೋ ಅಲ್ಲಿಗೆ ಸಾಕು.

ಮಾನಕ ದ್ರಾವಣಕ್ಕೆ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್. 105 ಡಿಗ್ರಿಯಲ್ಲಿ ಒಣಗಿಸಿ, ಡೆಸಿಕೇಟರಿನಲ್ಲಿ ತಣಿಸಿ, 0.2042 ಗ್ರಾಂ ತೂಗಿ ಒಂದು ಲೀಟರ್ ಮಿಲಿ-ಕ್ಯೂನಲ್ಲಿ ಕರಗಿಸಿ. ಅಣುವಿಗೆ ಎಂಟು ಇಂಗಾಲ, ಹಾಗಾಗಿ ಇದು 8,000 ಮೈಕ್ರೊಮೋಲಾರ್ ಇಂಗಾಲ. ಇದರ 0.5, 1, 1.5, 2 ಮಿ.ಲೀ.ಯನ್ನು 100 ಮಿ.ಲೀ.ಗೆ ಹಿಗ್ಗಿಸಿದರೆ 40, 80, 120, 160. ಮಾಂಡವಿಯ ಮೇಲ್ಭಾಗಕ್ಕೆಂದು 400ರದ್ದೂ ಒಂದಿರಲಿ. ಮೂಲ ದ್ರಾವಣ ಫ್ರಿಜ್ಜಿನಲ್ಲಿ ತಿಂಗಳು ಇರುತ್ತದೆ. ಹಿಗ್ಗಿಸಿದ್ದನ್ನು ಆಯಾ ದಿನವೇ ಮಾಡಿಕೊಳ್ಳಿ.

ಒಂದು ಸಲಕ್ಕೆ 100 ಮೈಕ್ರೊಲೀಟರ್ ಚುಚ್ಚಿದರೆ 3.5 ಮಿಲಿಗ್ರಾಂ ಉಪ್ಪು ಒಳಗೆ ಹೋಗುತ್ತದೆ. ಮಾದರಿಗೆ ಐದು ಸಲ, ಅರವತ್ತು ಮಾದರಿ ಎಂದರೆ ಒಂದು ಗ್ರಾಮಿಗೂ ಮೇಲೆ ಉಪ್ಪು ಆ ಪುಟ್ಟ ಕೊಳವೆಯೊಳಗೆ ಬಿಳಿ ಹೊಪ್ಪಳೆಯಾಗಿ ಕೂತಿರುತ್ತದೆ. ಕೆಡುವ ಸೂಚನೆ ಮೊದಲು ಸಿಗುವುದು ಡಿಟೆಕ್ಟರಿನ ಗೆರೆಯಲ್ಲಿ ಏಳುವ ಪೀಕಿನ ಆಕಾರದಲ್ಲಿ. ಚೂಪಾಗಿದ್ದ ಪೀಕ್ ಬಾಲ ಬಿಡುತ್ತದೆ, ಆಮೇಲೆ ಎರಡು ತಲೆ ಮೂಡುತ್ತದೆ. ಅಂಕಿ ಕೆಡುವುದು ಆಮೇಲೆ. ಆದ್ದರಿಂದ ಅಂಕಿಯ ಕಡೆಗಷ್ಟೇ ನೋಡುತ್ತ ಕೂರಬೇಡಿ. ಕ್ಯಾಟಲಿಸ್ಟ್ ತೆಗೆದು ದುರ್ಬಲ ಆಮ್ಲದಲ್ಲಿ, ಮಿಲಿ-ಕ್ಯೂನಲ್ಲಿ ತೊಳೆದು, ಸುಟ್ಟು ಮತ್ತೆ ತುಂಬಬಹುದು. ಮೇಲ್ಪದರದ ಪುಡಿಯಾದ ಗುಂಡುಗಳನ್ನು ಬಿಸಾಡಿ. ಕ್ವಾರ್ಟ್ಜ್ ಕೊಳವೆ ಹಾಲಿನಂತೆ ಬೆಳ್ಳಗಾಗಿದ್ದರೆ ಉಪ್ಪು ಅದನ್ನು ತಿಂದಿದೆ ಎಂದರ್ಥ. ಮಳೆಗಾಲದ ಕರೆಂಟು ಹೋಗಿಬಂದು ಕುಲುಮೆ ತಣಿದು ಕಾಯುವ ಒಂದೆರಡು ಸುತ್ತಿನಲ್ಲಿ ಅಂಥ ಕೊಳವೆ ಬಿರುಕು ಬಿಡುತ್ತದೆ. ಯಂತ್ರಕ್ಕೆ ಯುಪಿಎಸ್ ಇಲ್ಲದೆ ಜೂನ್‌ನಲ್ಲಿ ದೊಡ್ಡ ಬ್ಯಾಚ್ ಹಚ್ಚಬೇಡಿ. ಡಿಟೆಕ್ಟರಿನ ಮುಂಚೆ ಬರುವ ತಾಮ್ರದ ಹ್ಯಾಲೊಜನ್ ಬಲೆ ಬಣ್ಣಗೆಡುತ್ತ ಹೋಗುತ್ತದೆ. ಪೂರ್ತಿ ಕಪ್ಪಾಗುವ ತನಕ ಕಾದರೆ ಕ್ಲೋರಿನ್ ಡಿಟೆಕ್ಟರ್ ಕೋಶವನ್ನೇ ಕೊರೆಯುತ್ತದೆ, ಅದರ ಬಿಲ್ಲು ಬಂದಾಗ ತಾಮ್ರ ಅಗ್ಗ ಅನ್ನಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಯಂತ್ರದ ಬ್ಲ್ಯಾಂಕ್. ಹೊಸ ಕ್ಯಾಟಲಿಸ್ಟ್ ತಾನೇ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿರುತ್ತದೆ. ಮಿಲಿ-ಕ್ಯೂ ನೀರನ್ನು ಮೂವತ್ತು-ನಲವತ್ತು ಸಲ ಚುಚ್ಚಿ, ಪೀಕ್ ಇಳಿದು ಒಂದು ಮಟ್ಟಕ್ಕೆ ನಿಲ್ಲುವ ತನಕ ಮಾದರಿ ಮುಟ್ಟಬಾರದು. ಇದು ಎಷ್ಟು ದೊಡ್ಡ ವಿಷಯ ಎನ್ನುವುದಕ್ಕೆ ನಮ್ಮ ಕ್ಷೇತ್ರದಲ್ಲೇ ಒಂದು ಪ್ರಸಂಗ ಇದೆ. ಜಪಾನಿನ ಸುಗಿಮುರಾ ಮತ್ತು ಸುಜುಕಿ 1988ರಲ್ಲಿ ಹೊಸ ಸುಡುವ ವಿಧಾನದಿಂದ ಅಳೆದು, ಸಮುದ್ರದ ಮೇಲ್ಪದರದಲ್ಲಿ ಡಿಒಸಿ ಎಲ್ಲರೂ ಅಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚಿದೆ ಎಂದು ಪ್ರಕಟಿಸಿದರು. ನಿಜವಾಗಿದ್ದರೆ ಇಂಗಾಲ ಚಕ್ರದ ಲೆಕ್ಕವನ್ನೇ ತಿದ್ದಬೇಕಿತ್ತು. ಲ್ಯಾಬುಗಳು ಸಾಲಾಗಿ ಯಂತ್ರ ಕಟ್ಟಿಕೊಂಡವು, ಒಬ್ಬರ ಅಂಕಿ ಒಬ್ಬರಿಗೆ ಹೊಂದಲಿಲ್ಲ. 1991ರಲ್ಲಿ ಸಿಯಾಟಲ್‌ನಲ್ಲಿ ಎಲ್ಲ ಸೇರಿ ಕೂತು ಚರ್ಚಿಸಿದರು. ಬ್ಲ್ಯಾಂಕನ್ನು ಸರಿಯಾಗಿ ಕಳೆಯದಿದ್ದುದು ಗೊಂದಲದ ದೊಡ್ಡ ಕಾರಣ ಎಂದು ಹೊರಬಿತ್ತು. 1993ರಲ್ಲಿ ಸುಜುಕಿ ತಮ್ಮ ಫಲಿತಾಂಶವನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ಅವರ ವಿಧಾನದ ತಿರುಳು ಸುಳ್ಳಾಗಲಿಲ್ಲ; ಇವತ್ತು ನಾವೆಲ್ಲ ಬಳಸುತ್ತಿರುವುದು ಅದೇ ಸುಡುವ ವಿಧಾನವನ್ನೇ. ಈಗ ಮಯಾಮಿ ವಿಶ್ವವಿದ್ಯಾಲಯದ ಹ್ಯಾನ್ಸೆಲ್ ಲ್ಯಾಬ್ ಆಳಸಮುದ್ರದ ನೀರನ್ನೇ ಆಂಪ್ಯೂಲಿನಲ್ಲಿ ಮುಚ್ಚಿ ಜಗತ್ತಿಗೆಲ್ಲ ಹಂಚುತ್ತದೆ, ಜೊತೆಗೆ ಇಂಗಾಲ ಅತಿ ಕಡಿಮೆ ಇರುವ ನೀರನ್ನೂ. ಬ್ಯಾಚಿನ ಮೊದಲು, ನಡುವೆ, ಕೊನೆಗೆ ಅವೆರಡನ್ನೂ ಹಚ್ಚಿ. ಆಂಪ್ಯೂಲಿನ ಅಂಕಿ ನಿಗದಿತ ವ್ಯಾಪ್ತಿಯ ಹೊರಗೆ ಬಿದ್ದರೆ ಆ ಬ್ಯಾಚಿನ ಉಳಿದ ಅಂಕಿಗಳು ಎಷ್ಟೇ ಚಂದವಿದ್ದರೂ ಬೇಡ.

ಗೆರೆ, ಕಬ್ಬಿಣ, ಬಣ್ಣ

ಅಳಿವೆಯ ಅಂಕಿಗಳನ್ನು ಲವಣಾಂಶದ ಎದುರು ಗುರುತಿಸಿ. ಉದಾಹರಣೆಗೆ ನದಿಯ ತುದಿ 200, ಸಮುದ್ರದ ತುದಿ 80, ಅಲ್ಲಿ ಲವಣಾಂಶ 35 ಎಂದಿಟ್ಟುಕೊಳ್ಳಿ. ಬರೀ ಬೆರಕೆಯಾದರೆ 17.5ರಲ್ಲಿ 140 ಬರಬೇಕು. 170 ಬಂದರೆ ದಾರಿಯಲ್ಲಿ 30 ಎಲ್ಲಿಂದಲೋ ಸೇರಿದೆ, ಕಾಂಡ್ಲಾ ಕಾಡಿನಿಂದಲೋ ಊರಿನ ಚರಂಡಿಯಿಂದಲೋ. 120 ಬಂದರೆ ಕಳೆದುಹೋಗಿದೆ. ಆದರೆ ಗೆರೆ ಡೊಂಕಾದ ತಕ್ಷಣ ಕಾಂಡ್ಲಾ ಕಾಡಿನ ಮೇಲೆ ಹೊರಿಸಬೇಡಿ. ಕಳೆದ ವಾರ ನದಿಯ ತುದಿಯಲ್ಲಿ 300 ಇದ್ದು ಇವತ್ತು 200 ಆಗಿದ್ದರೆ, ನಡುವಿನ ನೀರು ಇನ್ನೂ ಕಳೆದ ವಾರದ್ದೇ. ಏನೂ ಸೇರದೆಯೇ ಗೆರೆ ಉಬ್ಬಿ ಕಾಣುತ್ತದೆ. ಮಳೆಗಾಲದಲ್ಲಿ ಮಾಂಡವಿಯ ನೀರು ಕೆಲವೇ ದಿನದಲ್ಲಿ ಹೊರಗೆ ಹೋಗುತ್ತದೆ, ಬೇಸಿಗೆಯಲ್ಲಿ ವಾರಗಟ್ಟಲೆ ಒಳಗೇ ಓಡಾಡುತ್ತದೆ. ನದಿಯ ತುದಿಯನ್ನು ಒಂದೇ ದಿನ ಅಳೆದು ತೀರ್ಮಾನ ಬರೆಯುವಂತಿಲ್ಲ.

0-5 ಲವಣಾಂಶದಲ್ಲಿ ಹೆಚ್ಚು ಮಾದರಿ ಎಂದೆವಲ್ಲ, ಅದು ಕಬ್ಬಿಣದ ಸಲುವಾಗಿ. ನದಿಯಲ್ಲಿ ಹ್ಯೂಮಿಕ್ ಅಣುಗಳೊಂದಿಗೆ ಅಂಟಿಕೊಂಡು ಕೊಲಾಯ್ಡಾಗಿ ತೇಲುವ ಕಬ್ಬಿಣ ಉಪ್ಪು ತಾಗಿದೊಡನೆ ಗಂಟುಗಟ್ಟಿ ಕೂರುತ್ತದೆ. ಶೋಲ್ಕೊವಿಟ್ಜ್ 1976ರಲ್ಲಿ ಸ್ಕಾಟ್ಲೆಂಡಿನ ನದಿಗಳ ನೀರನ್ನು ಸಮುದ್ರದ ನೀರಿಗೆ ಬೆರೆಸಿ ತೋರಿಸಿದ್ದು ಇದನ್ನೇ: ಕಬ್ಬಿಣದ ಬಹುಪಾಲು ಹೋಗುತ್ತದೆ, ಸಾವಯವದಲ್ಲಿ ಹೋಗುವುದು ನೂರಕ್ಕೆ ಮೂರರಿಂದ ಹನ್ನೊಂದು ಮಾತ್ರ. ನೀರಿನ ಬಣ್ಣ ತಿಳಿಯಾಯಿತೆಂದು ಡಿಒಸಿಯೂ ಹೋಯಿತೆಂದುಕೊಳ್ಳಬಾರದು.

ಅದಿರಿನ ಸೀಮೆಯಾದ್ದರಿಂದ ಇಲ್ಲಿ ಕಬ್ಬಿಣ ಇನ್ನೊಂದು ಮೋಸವನ್ನೂ ಮಾಡುತ್ತದೆ. 254 ನ್ಯಾನೊಮೀಟರಿನ ಹೀರಿಕೆಯನ್ನು ಡಿಒಸಿಯಿಂದ ಭಾಗಿಸಿ ಸುವಾ ಎಂಬ ಸೂಚ್ಯಂಕ ತೆಗೆಯುವುದು ವಾಡಿಕೆ. ಹೆಚ್ಚಿದ್ದರೆ ಸುಗಂಧೀಯ (ಬೆಂಜೀನ್ ಬಗೆಯ) ಉಂಗುರಗಳು ಹೆಚ್ಚು, ನೆಲದಿಂದ ಬಂದದ್ದು ಹೆಚ್ಚು ಎಂದು ಓದುತ್ತೇವೆ. ಫೆರಿಕ್ ಕಬ್ಬಿಣವೂ ಅದೇ ತರಂಗಾಂತರದಲ್ಲಿ ಬೆಳಕು ಹೀರುತ್ತದೆ. ಕರಗಿದ ಕಬ್ಬಿಣವನ್ನು ಅಳೆದು ಅದರ ಪಾಲು ಕಳೆಯದ ಸುವಾ ಅಂಕಿಯನ್ನು ಮಾಂಡವಿ ಮತ್ತು ಪಕ್ಕದ ಜುವಾರಿ ಹೊಳೆಯ ಮೇಲ್ಭಾಗಕ್ಕೆ ನಾವು ನಂಬುವುದಿಲ್ಲ. ಬಣ್ಣ ಅಳೆಯುವ ನೀರಿಗೆ ಆಮ್ಲ ಹಾಕಬಾರದು, ಹೀರಿಕೆ ಬದಲಾಗುತ್ತದೆ. ಫಿಲ್ಟರ್ ಮಾಡಿ, ಕತ್ತಲೆಯಲ್ಲಿ ತಣ್ಣಗಿಟ್ಟು, ಬೇಗ ಅಳೆಯಿರಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕ್ಯೂವೆಟ್ಟಿಗೆ (ಬೆಳಕು ಹಾಯಿಸುವ ಪುಟ್ಟ ಪಾತ್ರೆಗೆ) ಸುರಿದರೆ ಇಲ್ಲಿನ ತೇವಕ್ಕೆ ಗಾಜಿನ ಹೊರಮೈ ಮಂಜುಗಟ್ಟುತ್ತದೆ, ಇಡೀ ರೋಹಿತ ಮೇಲೇರಿ ಕೂರುತ್ತದೆ. ಕೋಣೆಯ ಉಷ್ಣತೆಗೆ ಬರುವ ತನಕ ಕಾಯಿರಿ. ಅಳಿವೆಗೆ 1 ಸೆಂ.ಮೀ., ಸಮುದ್ರಕ್ಕೆ 10 ಸೆಂ.ಮೀ. ಕ್ಯೂವೆಟ್, 700 ನ್ಯಾನೊಮೀಟರಿನ ಓದನ್ನು ಎಲ್ಲದರಿಂದ ಕಳೆಯಿರಿ, 2.303ರಿಂದ ಗುಣಿಸಿ, ಮೀಟರಿನಲ್ಲಿ ಉದ್ದದಿಂದ ಭಾಗಿಸಿ. 275-295 ನ್ಯಾನೊಮೀಟರಿನ ನಡುವೆ ಹೀರಿಕೆಯ ಇಳಿಜಾರು 0.02ಕ್ಕಿಂತ ಕಡಿಮೆ ಬಂದರೆ ನೆಲದ ಕಡೆಯದು, ಮೇಲೆ ಬಂದರೆ ಬಿಸಿಲಿಗೆ ಬಣ್ಣಗೆಟ್ಟ ತೆರೆದ ಸಮುದ್ರದ್ದು ಎಂಬುದು ಒರಟು ಗುರುತು.

ಕೊನೆಗೆ ಅಣುಗಳು

ಇಷ್ಟಾದ ಮೇಲೆ ಮಾಸ್ ಸ್ಪೆಕ್ಟ್ರೊಮೀಟರ್. ಉಪ್ಪು ಇದ್ದರೆ ಅದು ಕುರುಡು, ಆದ್ದರಿಂದ ಪಿಪಿಎಲ್ ಎಂಬ ಪಾಲಿಮರ್ ಕಾರ್ಟ್ರಿಜ್ಜಿನಲ್ಲಿ ಸಾವಯವವನ್ನು ಹಿಡಿಯಬೇಕು. ಡಿಟ್ಮಾರ್ ಮತ್ತಿತರರು 2008ರಲ್ಲಿ ಬರೆದ ಕ್ರಮವೇ ಇವತ್ತಿಗೂ ಎಲ್ಲರದ್ದು. 1 ಗ್ರಾಮಿನ ಕಾರ್ಟ್ರಿಜ್ಜನ್ನು ಮೆಥನಾಲಿನಿಂದ ತೊಳೆದು, ಪಿಎಚ್ 2ರ ನೀರಿನಿಂದ ಹದಮಾಡಿ, ಆಮ್ಲ ಹಾಕಿದ ಮಾದರಿಯನ್ನು ನಿಧಾನ ಇಳಿಸಿ. ಆಮೇಲೆ 0.01 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಉಪ್ಪು ತೊಳೆದು, ಸಾರಜನಕದಲ್ಲಿ ಒಣಗಿಸಿ, 6 ಮಿ.ಲೀ. ಮೆಥನಾಲಿನಲ್ಲಿ ಇಳಿಸಿಕೊಳ್ಳಿ. ಎರಡು ಲೀಟರ್ ಆಳದ ನೀರಿನಲ್ಲಿ ಇಂಗಾಲ ಒಂದು ಮಿಲಿಗ್ರಾಂ ಹತ್ತಿರ. ಕಾರ್ಟ್ರಿಜ್ ಹಿಡಿಯುವುದು ಸಮುದ್ರದ ನೀರಲ್ಲಿ ಸುಮಾರು 40 ಪ್ರತಿಶತ, ಅಳಿವೆಯಲ್ಲಿ 60. ಉಳಿದದ್ದು ಹರಿದುಹೋಯಿತು. ಹೋದದ್ದರಲ್ಲಿ ಸಕ್ಕರೆಗಳಂಥ ನೀರನ್ನು ಬಿಡದ ಅಣುಗಳೇ ಹೆಚ್ಚು. ಹಿಡಿದದ್ದರಲ್ಲೂ ನೆಗೆಟಿವ್ ಎಲೆಕ್ಟ್ರೊಸ್ಪ್ರೇ (ಅಣುಗಳಿಗೆ ಋಣ ವಿದ್ಯುದಂಶ ಕೊಟ್ಟು ಯಂತ್ರದೊಳಗೆ ಕಳಿಸುವ ವಿಧಾನ) ಎತ್ತಿ ತೋರಿಸುವುದು ಕಾರ್ಬಾಕ್ಸಿಲ್ ಎಂಬ ಆಮ್ಲದ ಗುಂಪು ಇರುವವನ್ನು. ‘ಸಮುದ್ರದ ಡಿಒಎಂ (ಕರಗಿದ ಸಾವಯವ ಪದಾರ್ಥ) ಹೀಗಿದೆ’ ಎಂದು ಬರೆಯುವಾಗ ಈ ಎರಡು ಜರಡಿಗಳನ್ನು ಮರೆಯಬಾರದು.

ಒಣಗಿಸುವುದರಲ್ಲಿ ಅವಸರ ಮಾಡಿದರೆ ಉಳಿದ ಆಮ್ಲದ ನೀರು ಮೆಥನಾಲಿನೊಂದಿಗೆ ಬರುತ್ತದೆ. ಆ ಬಾಟಲಿ ಬೆಂಚಿನ ಮೇಲೆ ವಾರ ಕೂತರೆ ಆಮ್ಲದ ಸಹಾಯದಿಂದ ಕಾರ್ಬಾಕ್ಸಿಲ್‌ಗಳು ಮೀಥೈಲ್ ಎಸ್ಟರ್ ಆಗುತ್ತವೆ. ಪ್ರತಿ ಎಸ್ಟರಿಗೂ ಸೂತ್ರದಲ್ಲಿ ಒಂದು ಇಂಗಾಲ, ಎರಡು ಹೈಡ್ರೋಜನ್ ಹೆಚ್ಚು, ತೂಕದಲ್ಲಿ 14.0157. ನೈಸರ್ಗಿಕ ಡಿಒಎಂನ ಅಣುಗಳೂ ಇದೇ ಅಂತರದ ಸಾಲಿನಲ್ಲೇ ನಿಂತಿರುವುದರಿಂದ, ಯಾವುದು ಸಮುದ್ರದ್ದು ಯಾವುದು ಬಾಟಲಿಯಲ್ಲಿ ಹುಟ್ಟಿದ್ದು ಎಂದು ತೂಕ ನೋಡಿ ಹೇಳಲು ಸಾಧ್ಯವೇ ಇಲ್ಲ. ಮೈನಸ್ 20ರಲ್ಲಿಡಿ, ಬೇಗ ಅಳೆಯಿರಿ, ಆಮ್ಲ ಹಾಕಿದ ಮಿಲಿ-ಕ್ಯೂ ಎರಡು ಲೀಟರನ್ನು ಇದೇ ದಾರಿಯಲ್ಲಿ ಕಳಿಸಿ ಅದರ ಪೀಕುಗಳನ್ನು ಕಳೆಯಿರಿ.

ಆ ಸೂತ್ರಗಳ ಹಿಂದೆ ಇರುವುದೇನು? ಒಂದೇ ಸೂತ್ರಕ್ಕೆ ಹತ್ತಾರು ರಚನೆ ಸಾಧ್ಯ. ಹರ್ಟ್‌ಕಾರ್ನ್ ತಂಡ 2006ರಲ್ಲಿ ಅಣುರಚನೆ ತೋರಿಸುವ ಎನ್ಎಂಆರ್ ವಿಧಾನವನ್ನೂ ಸೇರಿಸಿ, ಆಳದ ಡಿಒಎಂನಲ್ಲಿ ಕಾರ್ಬಾಕ್ಸಿಲ್ ತುಂಬಿದ ಉಂಗುರಗಳ ಅಣುಗಳು ದೊಡ್ಡ ಪಾಲು ಎಂದಿತು. ಕ್ರ್ಯಾಮ್ ಎಂದು ಹೆಸರಿಟ್ಟಿತು. ಅವು ಉಳಿಯುವುದು ರಚನೆಯ ಗಟ್ಟಿತನದಿಂದಲೇ? 2015ರಲ್ಲಿ ಅರಿಯೆಟಾ ಮತ್ತಿತರರು ಆಳದ ಡಿಒಎಂ ಅನ್ನು ಸಾಂದ್ರಗೊಳಿಸಿ ಅಲ್ಲಿಯ ಬ್ಯಾಕ್ಟೀರಿಯಾಗೇ ಕೊಟ್ಟಾಗ ಅವು ಬೆಳೆದವು. ಒಂದೊಂದು ಬಗೆಯ ಅಣುವೂ ಅಷ್ಟು ವಿರಳವಾಗಿರುವುದರಿಂದ ಹುಡುಕಿ ತಿನ್ನುವುದು ದುಬಾರಿ ಎಂಬುದು ಅವರ ವಾದ. ನಮಗೆ ಕಾಣುವಂತೆ ಇವೆರಡೂ ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಆ ಪ್ರಯೋಗದಲ್ಲೂ ಅಷ್ಟೂ ಡಿಒಎಂ ಖಾಲಿಯಾಗಲಿಲ್ಲ.

ಗೋವಾ ಕರಾವಳಿಯ ಕಾಂದೋಳಿಯ ಆಚೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತಳದ ನೀರಲ್ಲಿ ಆಮ್ಲಜನಕ ಮುಗಿದು ಹೈಡ್ರೋಜನ್ ಸಲ್ಫೈಡ್ ಬರುವ ಜಾಗದ ಮಾದರಿಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಸಲ್ಫೈಡ್ ತಾನಾಗಿಯೇ ಸಾವಯವ ಅಣುಗಳಿಗೆ ಅಂಟಿಕೊಳ್ಳುತ್ತದೆ, ಜೀವಿಗಳ ನೆರವಿಲ್ಲದೆ. ಬಾಟಲಿಯಲ್ಲಿ ಕೂತರೂ ಅಂಟುತ್ತದೆ. ಅಂಥ ನೀರಿಗೆ ಆಮ್ಲವನ್ನು ಫ್ಯೂಮ್ ಹುಡ್‌ನಲ್ಲೇ ಹಾಕಿ, ತಡಮಾಡದೆ ಸಾರಜನಕ ಊದಿ ಸಲ್ಫೈಡ್ ಓಡಿಸಿ, ಆಮೇಲೆ ಕಾರ್ಟ್ರಿಜ್ಜಿಗೆ. ಮಾದರಿ ತೆಗೆದ ಗಂಟೆ, ಆಮ್ಲ ಹಾಕಿದ ಗಂಟೆ ಎರಡನ್ನೂ ಲೇಬಲ್ಲಿನ ಮೇಲೆ ಬರೆಯಿರಿ, ಪೆನ್ಸಿಲಿನಲ್ಲಿ. ಮಾರ್ಕರಿನ ಶಾಯಿ ಮೆಥನಾಲಿಗೆ ಅಳಿಸುತ್ತದೆ, ಅಳಿಸಿ ಒಳಗೂ ಹೋಗುತ್ತದೆ. ಹಳೆಯ ವರದಿಗಳ ಅಂಕಿಗೆ ನಿಮ್ಮದನ್ನು ಹೋಲಿಸುವಾಗ ಏಕಮಾನ ನೋಡಿಕೊಳ್ಳಿ: ಲೀಟರಿಗೆ 1 ಮಿಲಿಗ್ರಾಂ ಇಂಗಾಲ ಎಂದರೆ 83.3 ಮೈಕ್ರೊಮೋಲಾರ್. ಕಿಲೊಗೆ ಇಷ್ಟು ಮೈಕ್ರೊಮೋಲ್ ಎಂದು ಕೊಟ್ಟಿದ್ದರೆ ಅದನ್ನು ಸಮುದ್ರದ ನೀರಿನ ಸಾಂದ್ರತೆ 1.025ರಿಂದ ಗುಣಿಸಿ.